ನಂಬಿಕೆಯ ವೆಲ್ಡಿಂಗ್ ಸಾಮಗ್ರಿ ಅಂಗಡಿಯನ್ನು ಗುರುತಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ವೆಲ್ಡಿಂಗ್ ಸಾಮಗ್ರಿಯ ದೋಷ ಕೊಳ್ಳುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ತೇವ ಹೀರಿಕೊಂಡ ರಾಡ್ ನೋಡಲು ಒಣ ರಾಡಿನಂತೆಯೇ ಇರುತ್ತದೆ. ಗಾಳಿ ಬೆರೆತ ಆರ್ಗಾನಿಗೂ (ಬೆಸುಗೆಯನ್ನು ಗಾಳಿಯಿಂದ ಕಾಪಾಡುವ ಅನಿಲ) ಶುದ್ಧ ಆರ್ಗಾನಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಕೇಬಲ್ಲಿನ ಹೊದಿಕೆಯೊಳಗೆ ಇರುವುದು ತಾಮ್ರವೋ ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮೋ ಹೊರಗಿನಿಂದ ತಿಳಿಯದು. ಇವೆಲ್ಲ ಬಯಲಾಗುವುದು ಕೆಲಸದ ನಡುವೆ. ಕೆಲವಂತೂ ಕೆಲಸ ಮುಗಿದ ಮೇಲೆಯೇ ಬಯಲಾಗುತ್ತವೆ. ತೇವದ ಹೈಡ್ರೋಜನ್‌ನಿಂದ ಹುಟ್ಟುವ ಬಿರುಕು ಬೆಸುಗೆ ತಣಿದು ಗಂಟೆಗಳೋ ದಿನಗಳೋ ಕಳೆದ ಮೇಲೆ ಬಾಯಿ ಬಿಡುತ್ತದೆ.

ಆದ್ದರಿಂದ ಸಾಮಗ್ರಿಯನ್ನು ಆರಿಸುವ ಮೊದಲು ಅದನ್ನು ತರಿಸಿ, ಕಾಪಾಡಿ, ಮಾರುವವರನ್ನು ಆರಿಸಬೇಕು. ಅದೃಷ್ಟವಶಾತ್, ಅಂಗಡಿಯ ಗುಣವನ್ನು ಮೊದಲೇ ಅಳೆಯಲು ಸಾಧ್ಯವಿದೆ. ಸರಿಯಾದ ಕೆಲವು ಪ್ರಶ್ನೆಗಳು, ಗೋದಾಮಿನತ್ತ ಒಂದು ನೋಟ, ಒಂದು ಸಣ್ಣ ಖರೀದಿ ಇವಿಷ್ಟು ಸಾಕು. ದೊಡ್ಡ ಹಣವನ್ನು, ಅದರಲ್ಲೂ ಸಿಲಿಂಡರಿನ ಠೇವಣಿಯನ್ನು, ಅದಾದ ಮೇಲೆ ಕೊಟ್ಟರಾಯಿತು. ಹವ್ಯಾಸಕ್ಕಾಗಿ ಬೆಸುಗೆ ಕಲಿಯುತ್ತಿರುವವರು, ಸಣ್ಣ ವರ್ಕ್‌ಶಾಪ್ ತೆರೆಯುತ್ತಿರುವವರು, ಹೊಸ ಊರಿಗೆ ಬಂದು ಮತ್ತೆ ಅಂಗಡಿ ಹುಡುಕಬೇಕಾದವರು ಮೂವರಿಗೂ ಹೊಂದುವಂತೆ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ನಿಮ್ಮ ಕೆಲಸವನ್ನು ಕಾಗದದ ಮೇಲೆ ಬರೆಯಿರಿ

ಯಾವ ಲೋಹ, ಎಷ್ಟು ದಪ್ಪ, ಯಾವ ವಿಧಾನ, ತಿಂಗಳಿಗೆ ಸುಮಾರು ಎಷ್ಟು ಬಳಕೆ, ನಿಮ್ಮಲ್ಲಿರುವ ವಿದ್ಯುತ್ ಸಂಪರ್ಕ ಸಿಂಗಲ್ ಫೇಸೋ ತ್ರೀ ಫೇಸೋ ಎಂಬುದನ್ನು ಬರೆದುಕೊಳ್ಳಿ. ಮಿದು ಉಕ್ಕಿನ ಗೇಟು, ಜಾಲರಿ ಮಾಡುವವರಿಗೆ ರಾಡ್, ಕಟಿಂಗ್ ಚಕ್ರ, ಒಳ್ಳೆಯ ಹೋಲ್ಡರ್ ಸಿಕ್ಕರೆ ಮುಕ್ಕಾಲು ಕೆಲಸ ನಡೆಯುತ್ತದೆ. ಮಿಗ್ (ಯಂತ್ರವೇ ತಂತಿ ಉಣಿಸುವ ವಿಧಾನ) ಅಥವಾ ಟಿಗ್ (ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಬೆಸೆಯುವ ವಿಧಾನ) ಮಾಡುವವರಿಗೆ ಅನಿಲವೇ ಜೀವಾಳ. ಸ್ಟೇನ್‌ಲೆಸ್ ಉಕ್ಕು, ಅಲ್ಯೂಮಿನಿಯಂ ಬೆಸೆಯುವವರಿಗೆ ಮಿಶ್ರಲೋಹದ ದರ್ಜೆಯನ್ನು ಬಲ್ಲ ಮಾರಾಟಗಾರ ಬೇಕು.

ಮಾರಾಟಗಾರರಲ್ಲಿ ಸ್ಥೂಲವಾಗಿ ಮೂರು ಬಗೆಯವರಿದ್ದಾರೆ. ಮೊದಲನೆಯದು ಕಬ್ಬಿಣದ ಸಾಮಾನಿನ ಜೊತೆಗೆ ರಾಡನ್ನೂ ಇಟ್ಟಿರುವ ಹಾರ್ಡ್‌ವೇರ್ ಅಂಗಡಿ. ಎರಡನೆಯದು ಮುಖ್ಯವಾಗಿ ಸಿಲಿಂಡರ್ ಪೂರೈಸುವ ಅನಿಲ ವಿತರಕ. ಮೂರನೆಯದು ಯಂತ್ರ, ರಾಡ್, ತಂತಿ, ಅನಿಲ, ಬಿಡಿಭಾಗ, ದುರಸ್ತಿ ಎಲ್ಲವನ್ನೂ ಒಂದೇ ಕಡೆ ಕೊಡುವ ಪೂರ್ಣ ಪ್ರಮಾಣದ ವೆಲ್ಡಿಂಗ್ ಮಳಿಗೆ. ನಿಮ್ಮ ಪಟ್ಟಿ ಚಿಕ್ಕದಾಗಿದ್ದರೆ ಮೊದಲನೆಯದೇ ಸಾಕಾಗಬಹುದು. ಅನಿಲ ಬಳಸುವವರು ಎರಡನೆಯ ಅಥವಾ ಮೂರನೆಯ ಬಗೆಯವರನ್ನೇ ಹುಡುಕಬೇಕು.

ಹಂತ 2: ದಿನವೂ ಬೆಸೆಯುವವರನ್ನು ಕೇಳಿ

ಜಾಹೀರಾತಿಗಿಂತ ಹೆಚ್ಚಿನ ಮಾಹಿತಿ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಸಿಗುತ್ತದೆ. ಟ್ರೈಲರ್ ಮತ್ತು ಲಾರಿ ಚಾಸಿ ದುರಸ್ತಿ ಮಾಡುವವರು, ಸ್ಟೇನ್‌ಲೆಸ್ ಉಕ್ಕಿನ ಮೇಜು, ತೊಟ್ಟಿ ಮಾಡುವವರು, ಪೈಪ್ ಜೋಡಿಸುವವರು ಇವರನ್ನು ಬೇರೆ ಬೇರೆಯಾಗಿ ವಿಚಾರಿಸಿ. ಸ್ಟೇನ್‌ಲೆಸ್ ಕೆಲಸದವರ ಮಾತಿಗೆ ಆರ್ಗಾನ್ ವಿಷಯದಲ್ಲಿ ಹೆಚ್ಚು ತೂಕ ಕೊಡಿ. ಅನಿಲದಲ್ಲಿ ಕೊಂಚ ಕಲ್ಮಶವಿದ್ದರೂ ಅವರ ಬೆಸುಗೆ ಕೂಡಲೇ ಕಪ್ಪಾಗುತ್ತದೆ. ತಾಂತ್ರಿಕ ತರಬೇತಿ ಸಂಸ್ಥೆಗಳ ವರ್ಕ್‌ಶಾಪ್ ಬೋಧಕರೂ ಉತ್ತಮ ಮೂಲ. ಅವರ ಬಳಿ ವಿದ್ಯಾರ್ಥಿಗಳು ರಾಶಿಗಟ್ಟಲೆ ರಾಡ್ ಸುಡುತ್ತಾರೆ, ಯಾವ ಸರಕು ಕೈಕೊಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

"ಒಳ್ಳೆಯ ಅಂಗಡಿ ಯಾವುದು" ಎಂದು ಕೇಳಿದರೆ ಎಲ್ಲರೂ ತಮ್ಮ ಅಂಗಡಿಯ ಹೆಸರನ್ನೇ ಹೇಳುತ್ತಾರೆ. ಹೀಗೆ ಕೇಳಿ ನೋಡಿ: "ಸಿಲಿಂಡರ್ ಖಾಲಿ ಎಂದು ಹೇಳಿದ ಮೇಲೆ ತುಂಬಿದ್ದು ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ಕೆಟ್ಟ ಸರಕು ಹಿಂದಿರುಗಿಸಿದಾಗ ಏನೆಂದರು? ಯಂತ್ರ ಕೆಟ್ಟಾಗ ಎಲ್ಲಿಗೆ ಒಯ್ದಿರಿ?" ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಹೊಗಳಿಕೆಗೆ ಜಾಗವಿಲ್ಲ, ಅನುಭವ ಮಾತ್ರ ಹೊರಬರುತ್ತದೆ.

ಯಂತ್ರ ತಯಾರಕರ ಮತ್ತು ಅನಿಲ ಕಂಪನಿಗಳ ಅಧಿಕೃತ ವಿತರಕರ ಪಟ್ಟಿಯನ್ನೂ ನೋಡಿ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೇವೆ ಚೆನ್ನಾಗಿದೆ ಎಂದಾಗುವುದಿಲ್ಲ. ಆದರೆ ವಾರಂಟಿಯ ಪ್ರಶ್ನೆ ಬಂದಾಗ ಅಧಿಕೃತ ವಿತರಕ ಜಾರಿಕೊಳ್ಳುವುದು ಕಷ್ಟ. ಅಂತರ್ಜಾಲದ ವಿಮರ್ಶೆಗಳಲ್ಲಿ ನಕ್ಷತ್ರಗಳ ಲೆಕ್ಕವನ್ನು ಬಿಟ್ಟು, ಠೇವಣಿ ವಾಪಸಾತಿ, ಸರಕು ಬದಲಾವಣೆ, ವಿಳಂಬ ಇವುಗಳ ಬಗ್ಗೆ ಬರೆದಿರುವ ಸಾಲುಗಳನ್ನು ಮಾತ್ರ ಓದಿ. ಹೀಗೆ ಮೂರು ನಾಲ್ಕು ಹೆಸರು ಸಿಕ್ಕರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 3: ಹೋಗುವ ಮೊದಲು ಒಂದು ಫೋನ್ ಕರೆ

ಕರೆ ಚಿಕ್ಕದಾಗಿರಲಿ. ನಿಮಗೆ ಬೇಕಾದ ದರ್ಜೆಯ ರಾಡ್ ಅಥವಾ ತಂತಿಯ ಹೆಸರು ಹೇಳಿ, ಈಗ ಇದೆಯೇ ಎಂದು ಕೇಳಿ. ಸಿಲಿಂಡರನ್ನು ಬಾಡಿಗೆಗೆ ಕೊಡುತ್ತಾರೋ, ಬದಲಾಯಿಸಿ ಕೊಡುತ್ತಾರೋ, ನಿಮ್ಮದೇ ಸಿಲಿಂಡರನ್ನು ತುಂಬಿಸಿ ಕೊಡುತ್ತಾರೋ ವಿಚಾರಿಸಿ. ಚಿಲ್ಲರೆ ಗ್ರಾಹಕರಿಗೆ ಮಾರುತ್ತಾರೆಯೇ ಎಂಬುದನ್ನೂ ಕೇಳಿ, ಏಕೆಂದರೆ ಕೆಲವರು ಕಾರ್ಖಾನೆಗಳಿಗೆ ಮಾತ್ರ ಪೂರೈಸುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ "ನೋಡಿ ಹೇಳುತ್ತೇನೆ" ಎಂದು ಮತ್ತೆ ಕರೆ ಮಾಡುವವರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ.

ಹಂತ 4: ಮೊದಲ ಭೇಟಿಯಲ್ಲಿ ಏನನ್ನು ನೋಡಬೇಕು

ಅಂಗಡಿಯ ಮುಂಭಾಗದ ಹೊಳಪಿಗಿಂತ ಸಿಲಿಂಡರ್ ಇಟ್ಟಿರುವ ಜಾಗ ಹೆಚ್ಚು ಹೇಳುತ್ತದೆ. ಸಿಲಿಂಡರುಗಳು ನೆಟ್ಟಗೆ ನಿಂತು ಸರಪಳಿಯಿಂದ ಬಿಗಿಯಲ್ಪಟ್ಟಿವೆಯೇ? ವಾಲ್ವಿನ ಮೇಲೆ ರಕ್ಷಣೆಯ ಟೋಪಿ ಇದೆಯೇ? ತುಂಬಿದವು ಮತ್ತು ಖಾಲಿಯಾದವು ಬೇರೆ ಬೇರೆ ಇವೆಯೇ? ಆಕ್ಸಿಜನ್ ಮತ್ತು ಅಸಿಟಲಿನ್‌ನಂತಹ ಇಂಧನ ಅನಿಲಗಳ ನಡುವೆ ಅಂತರವೋ ಬೆಂಕಿ ತಡೆಯುವ ಗೋಡೆಯೋ ಇದೆಯೇ? ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಈ ಅಂತರವನ್ನು ಸುಮಾರು 6 ಮೀಟರ್ ಎಂದು ನಿಗದಿ ಮಾಡಿದೆ. ಇತರ ದೇಶಗಳ ನಿಯಮಗಳಲ್ಲಿ ಅಳತೆ ಬೇರೆಯಿದ್ದರೂ ಉದ್ದೇಶ ಒಂದೇ. ಆಕ್ಸಿಜನ್ ರೆಗ್ಯುಲೇಟರನ್ನು (ಸಿಲಿಂಡರಿನ ಒತ್ತಡವನ್ನು ಇಳಿಸಿ ಕೊಡುವ ಸಾಧನ) ಗ್ರೀಸ್ ಮೆತ್ತಿದ ಕೈಯಲ್ಲಿ ಹಿಡಿಯುವ ಕೆಲಸಗಾರನನ್ನು ಕಂಡರೆ ಅಲ್ಲಿಂದ ಹೊರಡಿ. ಒತ್ತಡದಲ್ಲಿರುವ ಆಕ್ಸಿಜನ್ ಎಣ್ಣೆ, ಗ್ರೀಸನ್ನು ಮುಟ್ಟಿದರೆ ಕಿಡಿಯಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಇದನ್ನು ತಿಳಿಯದವರು ಸಿಲಿಂಡರ್ ಮಾರಬಾರದು.

ಅಸಿಟಲಿನ್ ಸಿಲಿಂಡರನ್ನು ಅಡ್ಡ ಮಲಗಿಸಿದ್ದಾರೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ. ಅದರೊಳಗೆ ರಂಧ್ರಮಯ ಪದಾರ್ಥ ತುಂಬಿರುತ್ತದೆ, ಆ ರಂಧ್ರಗಳಲ್ಲಿ ಅಸಿಟೋನ್‌ನಂತಹ ದ್ರಾವಕ ಇರುತ್ತದೆ, ಅನಿಲ ಅದರಲ್ಲಿ ಕರಗಿರುತ್ತದೆ. ಮಲಗಿಸಿದ ಸಿಲಿಂಡರನ್ನು ಹಾಗೆಯೇ ಬಳಸಿದರೆ ದ್ರಾವಕ ವಾಲ್ವಿನತ್ತ ಹರಿದು ರೆಗ್ಯುಲೇಟರಿಗೆ ನುಗ್ಗುತ್ತದೆ.

ಅಲ್ಲಿಂದ ರಾಡುಗಳ ಕಪಾಟಿಗೆ ಬನ್ನಿ. ಪೆಟ್ಟಿಗೆಗಳು ನೆಲಕ್ಕೆ ತಾಗದಂತೆ, ಗೋಡೆಗೆ ಒರಗದಂತೆ ಇರಬೇಕು. ಹರಿದ ಪ್ಯಾಕೆಟ್ಟಿನಿಂದ ಬಿಡಿಬಿಡಿಯಾಗಿ ತೂಗಿ ಕೊಡುವ ಪದ್ಧತಿ ಸಾಮಾನ್ಯ ಇ6013 ರಾಡಿಗೆ (ಈ ಅಂಕಿಗಳ ಅರ್ಥ ಹಂತ 5ರಲ್ಲಿದೆ) ಸಹಿಸಬಹುದಾದದ್ದು. ಇ7018ರಂತಹ ಕಡಿಮೆ ಹೈಡ್ರೋಜನ್ ರಾಡಿಗೆ ಅದು ಖಂಡಿತ ಸಲ್ಲದು. ಈ ರಾಡಿನ ವಿಷಯದಲ್ಲಿ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: "ಡಬ್ಬಿ ತೆರೆದ ಮೇಲೆ ಇದನ್ನು ಹೇಗೆ ಇಡಬೇಕು?" ಬಲ್ಲವರು ಓವನ್ ಬಗ್ಗೆ ಮಾತನಾಡುತ್ತಾರೆ. ತೆರೆದ ಇ7018 ರಾಡುಗಳನ್ನು ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡಬೇಕು. ಗಾಳಿಗೆ ನಾಲ್ಕು ಗಂಟೆಗಿಂತ ಹೆಚ್ಚು ಒಡ್ಡಿದ್ದರೆ ಮತ್ತೆ ಸುಡಬೇಕು, ಅದೂ 260ರಿಂದ 430 ಡಿಗ್ರಿಯಲ್ಲಿ ಎರಡು ಗಂಟೆ. ಉಕ್ಕಿನ ಕಟ್ಟಡಗಳ ಬೆಸುಗೆಗಾಗಿ ಅಮೆರಿಕನ್ ವೆಲ್ಡಿಂಗ್ ಸೊಸೈಟಿ ಬರೆದಿರುವ ಡಿ1.1 ಸಂಹಿತೆಯ ಲೆಕ್ಕವಿದು. ಇಷ್ಟು ಅಂಕಿಗಳು ಅವರಿಗೆ ಬಾಯಿಪಾಠ ಬರಬೇಕೆಂದೇನೂ ಇಲ್ಲ. "ಏನೂ ಆಗುವುದಿಲ್ಲ, ಹಾಗೇ ಇಡಿ" ಎಂದರೆ ಮಾತ್ರ ಅವರ ಸರಕಿನ ಸ್ಥಿತಿಯೂ ಹಾಗೆಯೇ ಇದೆ ಎಂದು ತಿಳಿಯಿರಿ. ಎಲ್ಲ ರಾಡನ್ನೂ ಓವನ್ನಿಗೆ ತುಂಬಬೇಕು ಎನ್ನುವವರೂ ಪೂರ್ತಿ ಬಲ್ಲವರಲ್ಲ. ಇ6010ರಂತಹ ಸೆಲ್ಯುಲೋಸ್ ಲೇಪದ ರಾಡಿಗೆ ಕೊಂಚ ತೇವ ಬೇಕೇ ಬೇಕು. ಸುಟ್ಟರೆ ಅದು ಕೆಡುತ್ತದೆ.

ಕೊನೆಯದಾಗಿ, ನೀವು ಏನನ್ನೋ ಕೇಳಿದಾಗ ಅವರು ಮರುಪ್ರಶ್ನೆ ಹಾಕುತ್ತಾರೆಯೇ ನೋಡಿ. "ಟಿಗ್ ಟಂಗ್‌ಸ್ಟನ್ ಬೇಕು" ಎಂದಾಗ ಯಾವ ಲೋಹಕ್ಕೆ, ಎಸಿಯೋ ಡಿಸಿಯೋ, ಎಷ್ಟು ಆಂಪಿಯರ್ ಎಂದು ವಿಚಾರಿಸುವವರು ನಿಮ್ಮ ಕೆಲಸವನ್ನು ಯೋಚಿಸುತ್ತಿದ್ದಾರೆ. ಕೆಂಪು ತುದಿಯ ಟಂಗ್‌ಸ್ಟನ್‌ನಲ್ಲಿ ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಇದೆ, ಅದು ವಿಕಿರಣಶೀಲ, ಮೊನೆ ಉಜ್ಜುವಾಗ ಏಳುವ ಧೂಳು ಉಸಿರಿಗೆ ಹೋಗಬಾರದು, ಬದಲಿಗೆ ಲ್ಯಾಂಥನಂ ಇರುವ ನೀಲಿ ಅಥವಾ ಬಂಗಾರದ ಬಣ್ಣದ ತುದಿಯದನ್ನು ಬಳಸಬಹುದು ಎಂದು ತಾವಾಗಿಯೇ ಹೇಳುವ ಮಾರಾಟಗಾರ ಸಿಕ್ಕರೆ ಆ ಅಂಗಡಿಯನ್ನು ಬಿಡಬೇಡಿ.

ಹಂತ 5: ಸಣ್ಣದಾಗಿ ಕೊಂಡು, ಮನೆಯಲ್ಲಿ ಪರೀಕ್ಷಿಸಿ

ಮೊದಲ ಖರೀದಿ ಒಂದು ಪ್ಯಾಕೆಟ್ ರಾಡ್ ಅಥವಾ ಒಂದು ಸಣ್ಣ ಸುರುಳಿ ತಂತಿ ಇರಲಿ. ಕೊಳ್ಳುವ ಮೊದಲು ಪ್ಯಾಕೆಟ್ಟಿನ ಬರಹವನ್ನು ಓದಲು ಕಲಿಯಿರಿ. ಇ6013ರಲ್ಲಿ 60 ಎಂದರೆ ಬೆಸುಗೆ ಲೋಹದ ಕನಿಷ್ಠ ಎಳೆತದ ಬಲ ಚದರ ಇಂಚಿಗೆ 60,000 ಪೌಂಡ್, ಅಂದರೆ ಸುಮಾರು 414 ಮೆಗಾಪ್ಯಾಸ್ಕಲ್. ಮುಂದಿನ 1 ಎಲ್ಲ ಭಂಗಿಗಳಲ್ಲೂ ಬೆಸೆಯಬಹುದು ಎನ್ನುತ್ತದೆ. ಇ7024ರಲ್ಲಿ ಆ ಜಾಗದಲ್ಲಿ 2 ಇದೆ. ಅದು ಚಪ್ಪಟೆ ಮತ್ತು ಅಡ್ಡ ಫಿಲೆಟ್ (ಮೂಲೆಯ) ಬೆಸುಗೆಗೆ ಮಾತ್ರ. ಕೊನೆಯ ಅಂಕಿ ಲೇಪದ ಬಗೆಯನ್ನೂ ಯಾವ ವಿದ್ಯುತ್ತಿಗೆ ಹೊಂದುತ್ತದೆ ಎಂಬುದನ್ನೂ ಸೂಚಿಸುತ್ತದೆ. ದರ್ಜೆ, ವ್ಯಾಸ, ಆಂಪಿಯರ್ ಮಿತಿ, ತಯಾರಕರ ಹೆಸರು, ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಕಂತಿನ ಗುರುತು) ಇವಿಷ್ಟೂ ಪ್ಯಾಕೆಟ್ಟಿನ ಮೇಲೆ ಇರಬೇಕು. ಲಾಟ್ ಸಂಖ್ಯೆಯಿಲ್ಲದ ಸರಕಿನ ಬಗ್ಗೆ ದೂರು ಕೊಡಲು ಆಧಾರವೇ ಇರುವುದಿಲ್ಲ.

ಪ್ಯಾಕೆಟ್ ತೆರೆದ ಮೇಲೆ ಮೂರು ಸಂಗತಿ ನೋಡಿ. ಲೇಪವಿಲ್ಲದ ತುದಿಯಲ್ಲಿ ತುಕ್ಕು, ಲೇಪದ ಮೇಲೆ ಬಿಳಿ ಪುಡಿಯಂತಹ ಪದರ ಕಂಡರೆ ತೇವ ಸೇರಿದೆ ಎಂದರ್ಥ. ತುದಿಯಲ್ಲಿ ಲೋಹದ ಕಡ್ಡಿ ಲೇಪದ ನಟ್ಟನಡುವೆ ಇರಬೇಕು. ಒಂದು ಬದಿಗೆ ಸರಿದಿದ್ದರೆ ಆರ್ಕ್ (ಲೋಹವನ್ನು ಕರಗಿಸುವ ವಿದ್ಯುತ್ ಜ್ವಾಲೆ) ಆ ಕಡೆಗೇ ವಾಲುತ್ತದೆ, ಎಷ್ಟೇ ಪಳಗಿದ ಕೈಯಾದರೂ ಅದನ್ನು ನೇರ ಮಾಡಲಾಗದು. ಕೆಲವು ರಾಡುಗಳನ್ನು ಅಂಗೈಯಲ್ಲಿಟ್ಟು ಅಲುಗಾಡಿಸಿದಾಗ ಒಣಗಿದವು ಲೋಹದ ಸ್ಪಷ್ಟ ದನಿ ಕೊಡುತ್ತವೆ, ತೇವದವು ಮಂದವಾಗಿ ತಟ್ಟುತ್ತವೆ. ಹಳೆಯ ಬೆಸುಗೆಗಾರರು ಈ ದನಿಯಿಂದಲೇ ತೀರ್ಮಾನಿಸುತ್ತಾರೆ.

ಆಮೇಲೆ ತುಕ್ಕು, ಬಣ್ಣ ತೆಗೆದ ಶುದ್ಧ ತಗಡಿನ ಮೇಲೆ, ಪ್ಯಾಕೆಟ್ಟಿನಲ್ಲಿ ಹೇಳಿರುವ ಆಂಪಿಯರ್‌ನಲ್ಲೇ ಬೆಸೆಯಿರಿ. ಕಿಟ್ಟ ಸಲೀಸಾಗಿ ಬಿಡುತ್ತದೆಯೇ, ಬೆಸುಗೆಯಲ್ಲಿ ಸೂಜಿರಂಧ್ರಗಳಿವೆಯೇ, ಲೇಪ ಉದುರುತ್ತದೆಯೇ ಎಂದು ನೋಡಿ. ಬೆಸೆದ ತುಂಡನ್ನು ವೈಸಿನಲ್ಲಿ ಹಿಡಿದು, ಬೆಸುಗೆಯ ಬುಡ ತೆರೆದುಕೊಳ್ಳುವಂತೆ ಸುತ್ತಿಗೆಯಿಂದ ಬಗ್ಗಿಸಿ ಮುರಿಯಿರಿ. ಮುರಿದ ಮುಖದಲ್ಲಿ ಗುಳ್ಳೆ, ಕಿಟ್ಟದ ಗೆರೆ ಕಾಣದಿದ್ದರೆ ಸರಕನ್ನು ನಂಬಬಹುದು.

ಮಿಗ್ ತಂತಿಗೆ ಬೇರೊಂದು ಪರೀಕ್ಷೆಯಿದೆ. ಇಆರ್70ಎಸ್-6 ಮಿದು ಉಕ್ಕಿಗೆ ಹೆಚ್ಚು ಬಳಕೆಯಲ್ಲಿರುವ ತಂತಿ. ಅದರಲ್ಲಿರುವ ಹೆಚ್ಚಿನ ಮ್ಯಾಂಗನೀಸ್, ಸಿಲಿಕಾನ್ ಸ್ವಲ್ಪ ತುಕ್ಕನ್ನೂ ಸಹಿಸಿಕೊಳ್ಳುತ್ತವೆ. ಸುರುಳಿಯಿಂದ ಕೆಲವು ಸುತ್ತು ಬಿಚ್ಚಿ, ಕತ್ತರಿಸಿ, ಸಮತಟ್ಟಾದ ನೆಲದ ಮೇಲೆ ಬಿಡಿ. ಅದು ದೊಡ್ಡ ವೃತ್ತವಾಗಿ ನೆಲಕ್ಕೆ ಅಂಟಿ ಮಲಗಬೇಕು. ಚಿಕ್ಕ ವೃತ್ತವಾಗಿ ಮುದುಡಿದರೆ ಅಥವಾ ಒಂದು ತುದಿ ನೆಲದಿಂದ ಎದ್ದು ನಿಂತರೆ, ಆ ತಂತಿ ಟಾರ್ಚಿನೊಳಗೆ ಉಜ್ಜುತ್ತಾ ಸಾಗಿ, ತುದಿಯಲ್ಲಿ ಅತ್ತಿತ್ತ ತೂಗುತ್ತದೆ. ಬಿಳಿ ಬಟ್ಟೆಯ ನಡುವೆ ತಂತಿಯನ್ನು ಎಳೆದಾಗ ಕಪ್ಪು ಮಸಿ ಅಥವಾ ತಾಮ್ರದ ಪುಡಿ ಬಹಳ ಅಂಟಿದರೂ ಅದೇ ತೊಂದರೆ: ತಂತಿ ಸಾಗುವ ಒಳಕೊಳವೆ, ಅಂದರೆ ಲೈನರ್, ಬೇಗ ಕಟ್ಟಿಕೊಳ್ಳುತ್ತದೆ.

ಸ್ಟೇನ್‌ಲೆಸ್ ಉಕ್ಕಿನವರು 304 ದರ್ಜೆಯ ಉಕ್ಕಿಗೆ 308ಎಲ್ ಬೆಸುಗೆ ತಂತಿ, 316ಕ್ಕೆ 316ಎಲ್, ಮಿದು ಉಕ್ಕಿಗೆ ಸ್ಟೇನ್‌ಲೆಸ್ ಸೇರಿಸಲು 309ಎಲ್ ಎಂಬ ರೂಢಿಯ ಜೋಡಿಗಳನ್ನು ತಿಳಿದುಕೊಂಡೇ ಹೋಗಿ. ಅಲ್ಯೂಮಿನಿಯಮ್ಮಿಗೆ 4043 ಮತ್ತು 5356 ಎಂಬ ಎರಡೂ ತಂತಿ ಸಿಗುತ್ತವೆ. ಮೊದಲನೆಯದರಲ್ಲಿ ಶೇಕಡಾ 5ರಷ್ಟು ಸಿಲಿಕಾನ್, ಎರಡನೆಯದರಲ್ಲಿ ಅಷ್ಟೇ ಮೆಗ್ನೀಷಿಯಂ ಇರುತ್ತದೆ. "ಎರಡೂ ಒಂದೇ, ಯಾವುದಾದರೂ ನಡೆಯುತ್ತದೆ" ಎಂಬ ಉತ್ತರವನ್ನು ಒಪ್ಪಬೇಡಿ.

ಹಂತ 6: ಅನಿಲದ ಒಪ್ಪಂದ

ರಾಡನ್ನು ಇಂದು ಇಲ್ಲಿ, ನಾಳೆ ಅಲ್ಲಿ ಕೊಳ್ಳಬಹುದು. ಸಿಲಿಂಡರ್ ಮಾತ್ರ ನಿಮ್ಮನ್ನು ಒಂದು ಅಂಗಡಿಗೆ ಕಟ್ಟಿಹಾಕುತ್ತದೆ. ಆದ್ದರಿಂದ ಅನಿಲ ಬಳಸುವವರು ಅಂಗಡಿಯನ್ನು ಅನಿಲದ ಮೇಲೆಯೇ ಆರಿಸಬೇಕು, ಉಳಿದದ್ದು ಆಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಪ್ಪಂದ ಮೂರು ಬಗೆಯಲ್ಲಿರುತ್ತದೆ. ಬಾಡಿಗೆಯಲ್ಲಿ ಸಿಲಿಂಡರ್ ಕಂಪನಿಯದು. ನೀವು ಠೇವಣಿ ಕೊಟ್ಟು ದಿನಕ್ಕೋ ತಿಂಗಳಿಗೋ ಬಾಡಿಗೆ ತೆರುತ್ತೀರಿ. ಅಪರೂಪಕ್ಕೆ ಬೆಸೆಯುವವರಿಗೆ ಅನಿಲಕ್ಕಿಂತ ಬಾಡಿಗೆಯೇ ಹೆಚ್ಚಾಗಿಬಿಡುತ್ತದೆ. ಬದಲಾವಣೆ ಪದ್ಧತಿಯಲ್ಲಿ ಖಾಲಿ ಕೊಟ್ಟು ತುಂಬಿದ್ದನ್ನು ತರುತ್ತೀರಿ. ಬೇಗ ಮುಗಿಯುತ್ತದೆ, ಆದರೆ ಹೊಚ್ಚಹೊಸ ಸಿಲಿಂಡರ್ ಕೊಂಡಿದ್ದರೆ ಮೊದಲ ಬದಲಾವಣೆಯಲ್ಲೇ ಅದು ಕೈಬಿಟ್ಟು ಹಳೆಯದೊಂದು ಮನೆಗೆ ಬರುತ್ತದೆ. ಮೂರನೆಯದು ನಿಮ್ಮ ಸ್ವಂತ ಸಿಲಿಂಡರನ್ನೇ ತುಂಬಿಸುವುದು. ಕೆಲವು ದಿನ ಕಾಯಬೇಕಾಗಬಹುದು. ವಾರಕ್ಕೊಮ್ಮೆ ಬೆಸೆಯುವ ಹವ್ಯಾಸಿಗೆ ಸ್ವಂತದ್ದು ಅಥವಾ ಬಾಡಿಗೆಯಿಲ್ಲದ ಬದಲಾವಣೆ ಒಳಿತು. ದಿನವೂ ಬಳಸುವ ವರ್ಕ್‌ಶಾಪಿಗೆ ಮನೆಬಾಗಿಲಿಗೆ ತಂದುಕೊಡುವ ಬಾಡಿಗೆ ಪದ್ಧತಿ ಅನುಕೂಲ.

ಬೇರೆಯವರಿಂದ ಹಳೆಯ ಸಿಲಿಂಡರನ್ನು ಅಗ್ಗಕ್ಕೆ ಕೊಳ್ಳುವ ಮೊದಲು ಅದರ ಕತ್ತಿನ ಉಂಗುರವನ್ನೂ ಭುಜದ ಮೇಲಿನ ಮುದ್ರೆಗಳನ್ನೂ ಓದಿ. ಯಾವುದೋ ಕಂಪನಿಯ ಹೆಸರು ಕೊರೆದಿದ್ದರೆ ಅದು ಆ ಕಂಪನಿಯ ಆಸ್ತಿ. ಬೇರೆಯವರು ತುಂಬಿಕೊಡುವುದಿಲ್ಲ, ನೀವೇ ಉತ್ತರ ಹೇಳಬೇಕಾದ ಸಂದರ್ಭವೂ ಬರಬಹುದು. ಭುಜದ ಮೇಲೆ ಕ್ರಮಸಂಖ್ಯೆ, ಖಾಲಿ ತೂಕ, ತುಂಬುವ ಒತ್ತಡ, ಕೊನೆಯ ಒತ್ತಡ ಪರೀಕ್ಷೆಯ ದಿನಾಂಕ ಇರುತ್ತವೆ. ಪರೀಕ್ಷೆಯ ಅವಧಿ ಮೀರಿದ ಸಿಲಿಂಡರನ್ನು ಪ್ರಾಮಾಣಿಕ ಅಂಗಡಿ ತುಂಬುವುದಿಲ್ಲ. ಅವಧಿ ಮೀರಿದ್ದನ್ನು ಏನೂ ಕೇಳದೆ ತುಂಬಿಕೊಡುವ ಅಂಗಡಿಯ ಉಳಿದ ಸಿಲಿಂಡರುಗಳ ಗತಿಯನ್ನು ನೀವೇ ಊಹಿಸಿ. ಬಣ್ಣವನ್ನು ಮಾತ್ರ ನೋಡಿ ಅನಿಲ ಯಾವುದೆಂದು ನಿರ್ಧರಿಸಬೇಡಿ, ಬಣ್ಣದ ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಲೇಬಲ್ ಓದಿ.

ಪ್ರಮಾಣವನ್ನು ಪರೀಕ್ಷಿಸುವ ಕ್ರಮ ಅನಿಲಕ್ಕೆ ತಕ್ಕಂತೆ ಬದಲಾಗುತ್ತದೆ. ಆರ್ಗಾನ್, ಆಕ್ಸಿಜನ್‌ನಲ್ಲಿ ಒತ್ತಡವೇ ಅಳತೆ. 47 ಲೀಟರ್ ನೀರು ಹಿಡಿಯುವ ಸಿಲಿಂಡರಿನಲ್ಲಿ 150 ಬಾರ್ ಒತ್ತಡವಿದ್ದರೆ ಸುಮಾರು 7 ಘನ ಮೀಟರ್ ಅನಿಲವಿದೆ. ನಿಮಿಷಕ್ಕೆ 12 ಲೀಟರ್ ಹರಿವಿನಲ್ಲಿ ಅದು ಹತ್ತು ಗಂಟೆಗೆ ಕೊಂಚ ಕಡಿಮೆ ಆರ್ಕ್ ಸಮಯಕ್ಕೆ ಸಾಲುತ್ತದೆ. ನಿಮ್ಮ ಸಿಲಿಂಡರ್ ಇದಕ್ಕಿಂತ ಬಹಳ ಬೇಗ ಮುಗಿದರೆ ಮೊದಲು ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ, ಸೋರಿಕೆಯಿಲ್ಲದಿದ್ದರೆ ಅಂಗಡಿಯನ್ನು ಕೇಳಿ. ಕಾರ್ಬನ್ ಡೈಆಕ್ಸೈಡ್ ದ್ರವರೂಪದಲ್ಲಿರುವುದರಿಂದ ಒತ್ತಡ ನೋಡಿ ಪ್ರಯೋಜನವಿಲ್ಲ. 20 ಡಿಗ್ರಿಯಲ್ಲಿ, ಒಳಗೆ ದ್ರವ ಉಳಿದಿರುವ ತನಕ, ಮುಳ್ಳು ಸುಮಾರು 57 ಬಾರ್‌ನಲ್ಲೇ ನಿಂತಿರುತ್ತದೆ. ಅದನ್ನು ತೂಗಬೇಕು, ಒಟ್ಟು ತೂಕದಿಂದ ಭುಜದ ಮೇಲೆ ಕೊರೆದ ಖಾಲಿ ತೂಕ ಕಳೆದರೆ ಉಳಿದದ್ದು ಅನಿಲ. ನಿಮ್ಮ ಕಣ್ಣೆದುರೇ ತೂಗಿ ತೋರಿಸಲು ಹಿಂಜರಿಯುವ ಅಂಗಡಿಗೆ ಮತ್ತೆ ಹೋಗುವ ಅಗತ್ಯವಿಲ್ಲ.

ಆರ್ಗಾನ್‌ನ ಶುದ್ಧತೆ ಟಿಗ್ ಕೆಲಸಕ್ಕೆ ಕನಿಷ್ಠ ಶೇಕಡಾ 99.99 ಇರಬೇಕು, 99.995 ಇದ್ದರೆ ಮತ್ತೂ ಒಳ್ಳೆಯದು. ಅದನ್ನು ಲೇಬಲ್ಲಿನಲ್ಲೋ ಪ್ರಮಾಣಪತ್ರದಲ್ಲೋ ಬರೆದುಕೊಡಬೇಕು. ಮನೆಯಲ್ಲಿ ಪರೀಕ್ಷಿಸಲು ಅಸಿಟೋನ್‌ನಿಂದ ಒರೆಸಿ ಪೂರ್ತಿ ಆರಿಸಿದ ಸ್ಟೇನ್‌ಲೆಸ್ ತಗಡಿನ ಮೇಲೆ, ಫಿಲ್ಲರ್ (ತುಂಬುವ ತಂತಿ) ಸೇರಿಸದೆ, ಒಂದೇ ಕಡೆ ಆರ್ಕ್ ಹಿಡಿದು ಕರಗಿದ ಲೋಹದ ಸಣ್ಣ ಕೊಳ ಮಾಡಿ. ಆರ್ಕ್ ನಿಂತ ಮೇಲೂ ಅನಿಲ ಹರಿಯುತ್ತಿರುವಾಗ ಟಾರ್ಚನ್ನು ಕದಲಿಸಬೇಡಿ. ಕೊಳ ಹೊಳಪಾಗಿ, ಟಂಗ್‌ಸ್ಟನ್ ತುದಿ ಬೆಳ್ಳಿಯ ಬಣ್ಣದಲ್ಲಿ ಉಳಿದರೆ ಅನಿಲ ಸರಿಯಿದೆ. ಬೂದು, ನೀಲಿ, ಕಪ್ಪು ಬಣ್ಣ ಬಂದರೆ ಎಲ್ಲೋ ಗಾಳಿ ಸೇರುತ್ತಿದೆ. ಆದರೆ ಕೂಡಲೇ ಅಂಗಡಿಯವರ ಮೇಲೆ ತಪ್ಪು ಹೊರಿಸಬೇಡಿ: ಪೈಪಿನ ಜೋಡಣೆ, ಟಾರ್ಚಿನ ಹಿಂಬದಿಯ ಟೋಪಿಯ ರಬ್ಬರ್ ಉಂಗುರ, ಹರಿವಿನ ಪ್ರಮಾಣ, ಬೀಸುವ ಫ್ಯಾನ್ ಇವನ್ನೆಲ್ಲ ನೋಡಿ, ಸಾಧ್ಯವಾದರೆ ಇನ್ನೊಂದು ಸಿಲಿಂಡರಿನಿಂದ ಅದೇ ಪರೀಕ್ಷೆ ಮಾಡಿದ ಮೇಲೆ ದೂರು ಒಯ್ಯಿರಿ. ಹೀಗೆ ಸಿದ್ಧವಾಗಿ ಹೋದವರ ಮಾತನ್ನು ಒಳ್ಳೆಯ ಅಂಗಡಿ ಆಲಿಸುತ್ತದೆ, ಸಿಲಿಂಡರ್ ಬದಲಾಯಿಸಿಕೊಡುತ್ತದೆ.

ಆಕ್ಸಿಅಸಿಟಲಿನ್ ಕೊಳ್ಳುವವರಿಗೆ ಅಂಗಡಿಯವರು ಎರಡು ಮಾತು ತಾವಾಗಿಯೇ ಹೇಳಬೇಕು. ಅಸಿಟಲಿನನ್ನು ರೆಗ್ಯುಲೇಟರಿನ ಹೊರಬದಿಯಲ್ಲಿ ಚದರ ಇಂಚಿಗೆ 15 ಪೌಂಡ್, ಅಂದರೆ ಸುಮಾರು 1 ಬಾರ್, ಒತ್ತಡಕ್ಕಿಂತ ಮೇಲೆ ಬಳಸಬಾರದು, ಅದಕ್ಕೂ ಮೇಲೆ ಅದು ತಾನಾಗಿಯೇ ಸಿಡಿಯಬಲ್ಲದು. ಉರಿ ಹಿಂದಕ್ಕೆ ನುಗ್ಗುವುದನ್ನು ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರನ್ನು ಎರಡೂ ಪೈಪುಗಳಿಗೆ ಹಾಕಬೇಕು. ಅರೆಸ್ಟರ್ ಇಲ್ಲದ ಸೆಟ್ಟನ್ನು "ಬೇಕಾದರೆ ಆಮೇಲೆ ಹಾಕಿಸಿಕೊಳ್ಳಿ" ಎಂದು ಮಾರುವವರಿಂದ ಕೊಳ್ಳಬೇಡಿ.

ಸಾಗಿಸುವ ಬಗ್ಗೆಯೂ ಅವರ ನಡತೆ ನೋಡಿ. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ರೆಗ್ಯುಲೇಟರ್ ಸಮೇತ ಸಿಲಿಂಡರ್ ಇಡಲು ಬಿಡದ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಆರ್ಗಾನ್, ಕಾರ್ಬನ್ ಡೈಆಕ್ಸೈಡ್ ಸೋರಿದರೆ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುತ್ತದೆ, ಅಸಿಟಲಿನ್ ಸೋರಿದರೆ ಒಂದು ಕಿಡಿ ಸಾಕು.

ಹಂತ 7: ಯಂತ್ರ, ಕೇಬಲ್, ಬಿಡಿಭಾಗ

ಯಂತ್ರದ ಮೇಲೆ ದೊಡ್ಡಕ್ಷರದಲ್ಲಿ ಬರೆದ ಆಂಪಿಯರ್ ಅಂಕಿಯನ್ನು ಬಿಟ್ಟು ಹಿಂಬದಿಯ ಫಲಕ ಓದಿ. ಐಇಸಿ 60974-1 ಮಾನದಂಡದಂತೆ ಕೆಲಸದ ಅವಧಿಯನ್ನು ಹತ್ತು ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. 200 ಆಂಪಿಯರ್‌ಗೆ ಶೇಕಡಾ 60 ಎಂದಿದ್ದರೆ, ಸುತ್ತಲಿನ ಉಷ್ಣತೆ 40 ಡಿಗ್ರಿ ಇರುವಾಗ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಬಿಡಬೇಕು. ಈ ಅಂಕಿಯೇ ಇಲ್ಲದ ಯಂತ್ರವನ್ನು ಒಳ್ಳೆಯ ಅಂಗಡಿ ಕಪಾಟಿನಲ್ಲಿ ಇಡುವುದಿಲ್ಲ. ದುರಸ್ತಿ ಎಲ್ಲಿ ನಡೆಯುತ್ತದೆ, ಟಾರ್ಚ್, ಟಿಪ್, ನಾಜಲ್, ಲೈನರ್, ಡ್ರೈವ್ ರೋಲರ್ ಈಗಲೇ ಇವೆಯೇ ಎಂದು ಕೇಳಿ. ಯಂತ್ರದ ಜೊತೆಗೇ ಟಿಪ್ಪಿನ ಒಂದು ಪೊಟ್ಟಣ ಕೇಳಿ ನೋಡಿ. "ತರಿಸಿಕೊಡುತ್ತೇವೆ" ಎಂದರೆ ನಾಳೆ ನಿಮ್ಮ ಕೆಲಸ ನಿಲ್ಲುವುದು ಅಲ್ಲಿಯೇ. ಅಂಗಡಿಯಲ್ಲೇ ಯಂತ್ರ ಹಚ್ಚಿ ಬೆಸೆದು ನೋಡಲು ಬಿಡುವವರಿದ್ದರೆ ನಿಮ್ಮದೇ ತಗಡಿನ ತುಂಡು ಕೊಂಡುಹೋಗಿ.

ಕೇಬಲ್ ವಿಷಯದಲ್ಲಿ ಮೋಸ ಹೆಚ್ಚು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆಗಳನ್ನು ತಾಮ್ರವೆಂದು ಮಾರುವವರಿದ್ದಾರೆ. ಅಲ್ಯೂಮಿನಿಯಮ್ಮಿನ ವಿದ್ಯುತ್ ವಾಹಕತೆ ತಾಮ್ರದ ಶೇಕಡಾ 61ರಷ್ಟು ಮಾತ್ರ, ಆದ್ದರಿಂದ ಅದೇ ದಪ್ಪದ ಕೇಬಲ್ ಕಾಯುತ್ತದೆ, ಆರ್ಕ್ ಸೊರಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ತೂಕವೂ ಸುಳ್ಳು ಹೇಳುವುದಿಲ್ಲ: 35 ಚದರ ಮಿಲಿಮೀಟರ್ ಕೇಬಲ್ಲಿನ ಪ್ರತಿ ಮೀಟರಿನಲ್ಲಿ ತಾಮ್ರವೇ 310 ಗ್ರಾಮಿನಷ್ಟಿರಬೇಕು. ಹತ್ತು ಮೀಟರಿನ ಸುರುಳಿ ರಬ್ಬರ್ ಸೇರಿಯೂ 3 ಕಿಲೋ ತೂಗದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಹಂತ 8: ರಕ್ಷಣೆಯ ಸಾಮಗ್ರಿ

ತಾನಾಗಿಯೇ ಕಪ್ಪಾಗುವ ಹೆಲ್ಮೆಟ್ಟಿನ ಮೇಲೆ ಇಎನ್ 379, ಐಎಸ್‌ಒ 16321 ಅಥವಾ ಎಎನ್‌ಎಸ್‌ಐ ಝಡ್87.1 ಎಂಬ ಸುರಕ್ಷತಾ ಮಾನದಂಡದ ಗುರುತು ಇರಬೇಕು. ಹೊರಗಿನ ರಕ್ಷಣಾ ಗಾಜು ಬಿಡಿಯಾಗಿ ಸಿಗುತ್ತದೆಯೇ ಕೇಳಿ, ಏಕೆಂದರೆ ಅದು ಬೇಗ ಗೀಚು ಬೀಳುವ ವಸ್ತು. ಕಟಿಂಗ್ ಚಕ್ರದ ನಡುವಿನ ಲೋಹದ ಉಂಗುರವನ್ನು ಓದಿ: ಇಎನ್ 12413ರಂತೆ ಮಾಡಿದ ಚಕ್ರದ ಆಯುಸ್ಸು ತಯಾರಾದ ದಿನದಿಂದ ಮೂರು ವರ್ಷ, ಅದು ಮುಗಿಯುವ ತಿಂಗಳು ಮತ್ತು ವರ್ಷ ಅಲ್ಲಿ ಮುದ್ರಿತವಾಗಿರುತ್ತದೆ. ಅವಧಿ ಮುಗಿದ ಚಕ್ರಗಳನ್ನು ರಿಯಾಯಿತಿಯಲ್ಲಿ ರಾಶಿ ಹಾಕಿ ಮಾರುವ ಅಂಗಡಿಯಲ್ಲಿ ಹೆಲ್ಮೆಟ್ಟನ್ನೂ ಕೊಳ್ಳಬೇಡಿ. ನಿಮಿಷಕ್ಕೆ 12,000 ಸುತ್ತು ತಿರುಗುವ ಚಕ್ರ ಒಡೆದರೆ ತುಂಡು ಯಾವ ಕಡೆಗೆ ಹಾರುತ್ತದೆ ಎಂದು ಯಾರೂ ಹೇಳಲಾರರು.

ಹಂತ 9: ಬಿಲ್ಲು ಮತ್ತು ಪ್ರಮಾಣಪತ್ರ

ಬಿಲ್ಲಿನಲ್ಲಿ "ವೆಲ್ಡಿಂಗ್ ರಾಡ್, ಒಂದು ಪ್ಯಾಕೆಟ್" ಎಂದಿದ್ದರೆ ಸಾಲದು. ತಯಾರಕರ ಹೆಸರು, ದರ್ಜೆ, ವ್ಯಾಸ, ಲಾಟ್ ಸಂಖ್ಯೆ ಬರೆಸಿ. ಮನೆಯ ಗೇಟಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಒತ್ತಡದ ಪೈಪ್, ಎತ್ತುವ ಕೊಂಡಿ, ಜನ ಓಡಾಡುವ ಮೆಟ್ಟಿಲು ಬೆಸೆಯುವವರು ಮಾತ್ರ ಪರೀಕ್ಷಾ ಪ್ರಮಾಣಪತ್ರ ಕೇಳಲೇಬೇಕು. ಇಎನ್ 10204 ಮಾನದಂಡದ ಪ್ರಕಾರ 2.2 ಬಗೆಯ ಪತ್ರ ಆ ಜಾತಿಯ ಸರಕಿನ ಸಾಮಾನ್ಯ ಫಲಿತಾಂಶ ಕೊಡುತ್ತದೆ, 3.1 ಬಗೆಯದು ನಿಮ್ಮ ಕೈಗೆ ಬಂದ ಲಾಟಿನದೇ ಫಲಿತಾಂಶ. ಪತ್ರದ ಲಾಟ್ ಸಂಖ್ಯೆಯನ್ನು ಪ್ಯಾಕೆಟ್ಟಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಯಾವ ಪ್ಯಾಕೆಟ್ಟಿಗೂ ಒಂದೇ ಹಳೆಯ ನಕಲು ಪತ್ರ ಕೊಡುವ ಅಭ್ಯಾಸ ಕೆಲವರಿಗಿದೆ.

ಬೆಲೆ, ಆನ್‌ಲೈನ್ ಮತ್ತು ಎರಡನೆಯ ಅಂಗಡಿ

ಟಿಪ್, ನಾಜಲ್, ಕೈಗವಸು, ಬ್ರಷ್‌ನಂತಹವು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕರೆ ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಅನಿಲ, ಯಂತ್ರ, ಕಡಿಮೆ ಹೈಡ್ರೋಜನ್ ರಾಡ್ ಈ ಮೂರನ್ನು ಹತ್ತಿರದ ಅಂಗಡಿಯಲ್ಲೇ ಕೊಳ್ಳುವುದು ಲೇಸು, ಬೆಲೆ ಕೊಂಚ ಹೆಚ್ಚಾದರೂ ಸರಿ. ಬೆಲೆ ಹೋಲಿಸುವಾಗ ಅನಿಲದ ದರವನ್ನಷ್ಟೇ ಹೋಲಿಸಬೇಡಿ. ಬಾಡಿಗೆ, ಸಾಗಣೆ, ಠೇವಣಿಯಲ್ಲಿ ಕಡಿತ, ತುಂಬಿದ ಪ್ರಮಾಣ ಎಲ್ಲ ಸೇರಿಸಿ ಘನ ಮೀಟರಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ.

ಎಷ್ಟೇ ಒಳ್ಳೆಯ ಅಂಗಡಿಯಾದರೂ ಒಂದು ದಿನ ಸರಕು ಇರುವುದಿಲ್ಲ. ಹಂತ 2ರ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆದವರಲ್ಲಿ ಆಗಾಗ ಏನನ್ನಾದರೂ ಕೊಳ್ಳುತ್ತಿರಿ, ಅವರಿಗೆ ನಿಮ್ಮ ಪರಿಚಯ ಇರಲಿ. ಮೊದಲನೆಯ ಅಂಗಡಿಯಲ್ಲಿ ಬಾಕಿಯನ್ನು ಸಮಯಕ್ಕೆ ತೀರಿಸಿ, ಖಾಲಿಯಾಗುವ ಮೊದಲೇ ತಿಳಿಸಿ. ಅನಿಲದ ಕೊರತೆ ಬಂದಾಗ ಇರುವ ಕೆಲವೇ ಸಿಲಿಂಡರ್ ಯಾರಿಗೆ ಹೋಗುತ್ತವೆ ಎಂಬುದು ಇಂತಹ ನಡತೆಯ ಮೇಲೆ ನಿಂತಿರುತ್ತದೆ.

ಅಂಗಡಿ ಬಿಡಬೇಕಾದಾಗ

ಬೇರೆ ಕಂಪನಿಯ ಹೆಸರಿನ ಮೇಲೆ ಬಣ್ಣ ಬಳಿದ ಸಿಲಿಂಡರ್ ಬಂದರೆ, ಒಂದೇ ದರ್ಜೆಯ ಹೆಸರಿನಲ್ಲಿ ಪ್ರತಿ ಸಲ ಬೇರೆ ಗುಣದ ರಾಡ್ ಬಂದರೆ, ಲಿಖಿತ ರಶೀದಿಯನ್ನು ಮುಂದೂಡುತ್ತಾ ಹೋದರೆ, ಅಪಾಯದ ಬಗ್ಗೆ ಕೇಳಿದಾಗ ನಕ್ಕು ತಳ್ಳಿಹಾಕಿದರೆ ಜಗಳಕ್ಕೆ ನಿಲ್ಲದೆ ವ್ಯವಹಾರ ಮುಗಿಸಿ. ಠೇವಣಿಯನ್ನು ಪೂರ್ತಿ ಪಡೆಯಲು ಮೊದಲ ದಿನದ ರಶೀದಿ ಬೇಕಾಗುತ್ತದೆ. ಅದರಲ್ಲಿ ಸಿಲಿಂಡರಿನ ಕ್ರಮಸಂಖ್ಯೆ, ಠೇವಣಿಯ ಮೊತ್ತ, ವಾಪಸಾತಿಯ ನಿಯಮ ಇರುವಂತೆ ಅಂದೇ ನೋಡಿಕೊಂಡಿರಬೇಕು. ಸಿಲಿಂಡರನ್ನು ಪೂರ್ತಿ ಬರಿದು ಮಾಡದೆ ಕೊಂಚ ಒತ್ತಡ ಉಳಿಸಿ, ವಾಲ್ವ್ ಮುಚ್ಚಿ, ಟೋಪಿ ಹಾಕಿ ಒಯ್ಯಿರಿ. ತೆರೆದ ವಾಲ್ವಿನಿಂದ ಗಾಳಿ, ತೇವ ಒಳಹೊಕ್ಕರೆ ಶುದ್ಧೀಕರಣದ ಖರ್ಚನ್ನು ನಿಮ್ಮ ಠೇವಣಿಯಿಂದ ಕಡಿತ ಮಾಡಲು ಅವರಿಗೆ ಕಾರಣ ಸಿಗುತ್ತದೆ. ಹಿಂದಿರುಗಿಸಿದ ದಿನವೇ ಕ್ರಮಸಂಖ್ಯೆ ನಮೂದಿಸಿದ ಸ್ವೀಕೃತಿ ಪತ್ರ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಸಿಲಿಂಡರ್ ನಿಮ್ಮ ಹೆಸರಿನಲ್ಲೇ ಉಳಿದು, ಬಾಡಿಗೆ ಏರುತ್ತಲೇ ಹೋಗುತ್ತದೆ.